ಕತ್ತರಿಯ ಕಾಲ, ಬಳ್ಳಿಯ ಬಾಳು

ದ್ರಾಕ್ಷಿಯ ಗೊಂಚಲು ಹಳೆಯ ಕಾಂಡದ ಮೇಲೆ ಮೂಡುವುದಿಲ್ಲ, ಆ ವರ್ಷದ ಎಳೆ ಚಿಗುರಿನ ಮೇಲೆ ಮೂಡುತ್ತದೆ. ಆ ಚಿಗುರು ಹೊರಡುವುದು ಹಿಂದಿನ ವರ್ಷ ಬೆಳೆದು ಬಲಿತ ಕಡ್ಡಿಯ ಕಣ್ಣಿನಿಂದ. ಅದಕ್ಕಿಂತ ಹಳೆಯ ಭಾಗ ಬಳ್ಳಿಯನ್ನು ಹೊತ್ತು ನಿಲ್ಲುತ್ತದೆ, ಆಹಾರ ಕೂಡಿಡುತ್ತದೆ, ಆದರೆ ಹಣ್ಣು ಕೊಡುವ ಕೆಲಸ ಅದರದಲ್ಲ. ಕತ್ತರಿ ಮುಟ್ಟದ ಬಳ್ಳಿಯಲ್ಲಿ ತುದಿಯ ಕಣ್ಣುಗಳು ಮೊದಲು ಒಡೆದು ಬುಡದ ಕಣ್ಣುಗಳನ್ನು ಅದುಮಿಡುತ್ತವೆ. ಹೀಗಾಗಿ ಪ್ರತಿವರ್ಷ ಫಲ ಬುಡದಿಂದ ಒಂದು ಮಾರು ಆಚೆ ಸರಿಯುತ್ತ ಹೋಗುತ್ತದೆ. ನಾಲ್ಕಾರು ವರ್ಷಗಳಲ್ಲಿ ಬಳ್ಳಿ ಎಂದರೆ ಉದ್ದನೆಯ ಬರಿಯ ಹಗ್ಗ, ಅದರ ಕೊನೆಗೊಂದು ಪೊದೆ, ಪೊದೆಯೊಳಗೆ ಬಿಸಿಲು ಕಾಣದ ನೂರೆಂಟು ಸಣ್ಣ ಹುಳಿ ಗೊಂಚಲು. ಇದನ್ನು ತಡೆಯಲು ತೋಟಗಾರ ಹಿಂದಿನ ವರ್ಷದ ಬೆಳವಣಿಗೆಯಲ್ಲಿ ಹತ್ತಕ್ಕೆ ಎಂಟು ಒಂಬತ್ತು ಪಾಲನ್ನು ಕತ್ತರಿಸಿ ತೆಗೆಯುತ್ತಾನೆ.

ಮನುಷ್ಯ ಬೆಳೆಸುವ ಗಿಡಗಳಲ್ಲಿ ವರ್ಷ ವರ್ಷವೂ ಇಷ್ಟನ್ನು ಕಳೆದುಕೊಳ್ಳುವಂಥವು ವಿರಳ. ಮೈಯ ಬಹುಪಾಲನ್ನು ಕಳೆದುಕೊಂಡೇ ಫಲ ಕೊಡುವ ಈ ಬಳ್ಳಿ ಧರ್ಮಗ್ರಂಥಗಳ ಕಣ್ಣಿಗೆ ಬಿದ್ದದ್ದು ಸಹಜ. ಕಡಿಯುವುದು ಯಾವಾಗ ಕಾಯುವುದಾಗುತ್ತದೆ, ಯಾವಾಗ ಹಿಂಸೆಯಾಗುತ್ತದೆ ಎಂಬ ಪ್ರಶ್ನೆಯನ್ನು ಯೆಹೂದಿ, ಕ್ರೈಸ್ತ, ರೋಮನ್ ಪರಂಪರೆಗಳು ದ್ರಾಕ್ಷಿಯ ಮೂಲಕವೇ ಕೇಳಿಕೊಂಡವು. ಭಾರತದ ಪರಂಪರೆಗಳು ಅದೇ ಪ್ರಶ್ನೆಯನ್ನು ಮರದ ಮೂಲಕ, ಬೇರಿನ ಕಡೆಯಿಂದ ಕೇಳಿದವು. ಎರಡನ್ನೂ ಅರಿಯಲು ಮೊದಲು ಕತ್ತರಿಯ ಕಾಲವನ್ನು ಅರಿಯಬೇಕು. ಒಂದೇ ಕೊಂಬೆಯ ಮೇಲೆ ಒಂದೇ ಕೈ ಹಾಕಿದ ಒಂದೇ ಗಾಯ ಜನವರಿಯಲ್ಲಿ ಉಪಕಾರ, ಸೆಪ್ಟೆಂಬರಿನಲ್ಲಿ ಅಪಕಾರ ಆಗಬಲ್ಲದು.

ಮೆಡಿಟರೇನಿಯನ್ ಮತ್ತು ಯುರೋಪಿನ ನಾಡುಗಳಲ್ಲಿ ಬಳ್ಳಿಗೆ ನಿಜವಾದ ಚಳಿಗಾಲವುಂಟು. ಸುಗ್ಗಿ ಮುಗಿದ ಮೇಲೂ ಎಲೆಗಳು ಕೆಲವು ವಾರ ಹಸಿರಾಗಿದ್ದು, ತಾವು ಮಾಡಿದ ಸಕ್ಕರೆಯನ್ನು ಕೆಳಕ್ಕೆ ಕಳುಹಿಸುತ್ತವೆ. ಅದು ಕಾಂಡದಲ್ಲೂ ಬೇರಿನಲ್ಲೂ ಪಿಷ್ಟವಾಗಿ ಸೇರಿಕೊಳ್ಳುತ್ತದೆ. ಮುಂದಿನ ವಸಂತದ ಮೊದಲ ಚಿಗುರಿಗೆ ಇದೇ ಬುತ್ತಿ. ಎಲೆ ಉದುರುವ ಮುನ್ನವೇ ಕಡ್ಡಿ ಕತ್ತರಿಸಿದರೆ ಆ ಬುತ್ತಿಯನ್ನು ದಾರಿಯಲ್ಲೇ ಕಸಿದಂತೆ. ಎಲೆ ಉದುರಿ ಬಳ್ಳಿ ನಿದ್ದೆಗೆ ಜಾರಿದ ಮೇಲೆ ಕತ್ತರಿಸಿದರೆ ಕಳೆದುಹೋಗುವುದು ಬರಿಯ ಕಟ್ಟಿಗೆ. ಹಾಗೆಂದು ಚಳಿಗಾಲದ ಯಾವ ದಿನವಾದರೂ ಸರಿ ಎನ್ನುವಂತಿಲ್ಲ. ತಡವಾಗಿ, ಚಳಿ ಮುಗಿಯುವ ಹೊತ್ತಿಗೆ ಕತ್ತರಿಸಿದ ಬಳ್ಳಿ ತಡವಾಗಿ ಕಣ್ಣು ತೆರೆಯುತ್ತದೆ, ವಸಂತದ ಹಿಮದಿಂದ ಉಳಿದುಕೊಳ್ಳುತ್ತದೆ. ಆದ್ದರಿಂದ ಹಿಮ ಬೀಳುವ ತಗ್ಗಿನ ತೋಟಗಳಿಗೆ ಕತ್ತರಿ ಕೊನೆಗೆ ಬರುತ್ತದೆ. ಒಂದನೆಯ ಶತಮಾನದ ರೋಮನ್ ಕೃಷಿಲೇಖಕ ಕೊಲುಮೆಲ್ಲ ಬೆಚ್ಚನೆಯ ನಾಡಿಗೆ ಶರತ್ಕಾಲದ ಕತ್ತರಿಯನ್ನೂ ಕೊರೆಯುವ ನಾಡಿಗೆ ವಸಂತದ ಕತ್ತರಿಯನ್ನೂ ಹೇಳಿದ್ದು ಇಂಥ ವಿವೇಕದಿಂದಲೇ.

ಮಣ್ಣು ಬೆಚ್ಚಗಾಗುತ್ತಿದ್ದಂತೆ ಬೇರು ನೀರನ್ನು ಮೇಲಕ್ಕೆ ಒತ್ತುತ್ತದೆ. ಆಗ ಕತ್ತರಿಸಿದ ತುದಿಗಳಿಂದ ತಿಳಿನೀರು ತೊಟ್ಟಿಕ್ಕುತ್ತದೆ. ಫ್ರಾನ್ಸಿನ ತೋಟಗಾರರು ಇದನ್ನು ಬಳ್ಳಿಯ ಅಳು ಎನ್ನುತ್ತಾರೆ. ನೋಡುವವರಿಗೆ ಕರುಳು ಚುರುಕ್ಕೆನ್ನುವ ದೃಶ್ಯ, ಆದರೆ ಬಳ್ಳಿ ಇದರಿಂದ ಸೊರಗುವುದಿಲ್ಲ. ಅದು ಬಹುಪಾಲು ನೀರು, ಜೊತೆಗೆ ಚೂರು ಸಕ್ಕರೆ, ಚೂರು ಲವಣ. ಬೇರು ಎಚ್ಚೆತ್ತಿತು ಎಂಬ ಸುದ್ದಿಯೂ ಹೌದು. ಬೇಸಿಗೆಯ ಕತ್ತರಿ ಬೇರೆಯೇ ಸ್ವಭಾವದ್ದು. ಆಗ ತೆಗೆಯುವುದು ಹಸಿರನ್ನು: ಕಾಂಡದಿಂದ ಹೊರಟ ಬೇಡದ ಚಿಗುರು, ಗೊಂಚಲಿನ ಮೇಲೆ ನೆರಳು ಹಾಸುವ ಎಲೆ, ತಂತಿ ಮೀರಿ ಓಡುವ ತುದಿ. ಚಳಿಗಾಲದ ಕತ್ತರಿ ಎಷ್ಟು ಫಲ ಎಂಬುದನ್ನು ನಿರ್ಧರಿಸಿದರೆ, ಬೇಸಿಗೆಯದು ಆ ಫಲಕ್ಕೆ ಗಾಳಿ ಬೆಳಕು ದಕ್ಕುವಂತೆ ಮಾಡುತ್ತದೆ.

ಎಷ್ಟು ಕತ್ತರಿಸಬೇಕು ಎಂಬುದಕ್ಕೆ ಇಪ್ಪತ್ತನೆಯ ಶತಮಾನದ ನ್ಯೂಯಾರ್ಕಿನ ದ್ರಾಕ್ಷಿ ವಿಜ್ಞಾನಿ ನೆಲ್ಸನ್ ಶಾಲಿಸ್ ಜನಪ್ರಿಯಗೊಳಿಸಿದ ಅಳತೆ ಸರಳವಾಗಿದೆ. ಕತ್ತರಿಸಿ ಬಿದ್ದ ಕಡ್ಡಿಗಳನ್ನು ತೂಗಿ, ಆ ತೂಕದ ಮೇಲೆ ಬಳ್ಳಿಯಲ್ಲಿ ಉಳಿಸಬೇಕಾದ ಕಣ್ಣುಗಳನ್ನು ಎಣಿಸಬೇಕು. ಕಾಂಕರ್ಡ್ ತಳಿಗೆ ಮೊದಲ ಒಂದು ಪೌಂಡಿಗೆ 30 ಕಣ್ಣು, ಮುಂದಿನ ಪ್ರತಿ ಪೌಂಡಿಗೆ 10 ಕಣ್ಣು. ಕಳೆದ ವರ್ಷ ಬಳ್ಳಿ ಎಷ್ಟು ಬೆಳೆಯಿತೋ ಅಷ್ಟೇ ಅದರ ತಾಕತ್ತು, ತಾಕತ್ತಿನಷ್ಟೇ ಹೊರೆ. ಇದರಿಂದ ಹೊರಡುವ ಒಂದು ಮಾತು ಸಾಮಾನ್ಯ ನಂಬಿಕೆಗೆ ವಿರುದ್ಧವಾಗಿದೆ. ಹೆಚ್ಚು ಕಣ್ಣು ಉಳಿಯುವುದು ಬಲಿಷ್ಠ ಬಳ್ಳಿಯಲ್ಲಿ. ಸೊರಗಿದ ಬಳ್ಳಿಯನ್ನು ಬಿಗಿಯಾಗಿ ಕತ್ತರಿಸಿ ಅದರ ಹೊರೆ ಇಳಿಸಲಾಗುತ್ತದೆ. ಗಟ್ಟಿಯಾದವರಿಗೇ ದೇವರು ಹೆಚ್ಚು ಕತ್ತರಿ ಹಾಕುತ್ತಾನೆ ಎಂಬ ಸಮಾಧಾನದ ಮಾತಿಗೆ ದ್ರಾಕ್ಷಿ ತೋಟದಲ್ಲಿ ಆಧಾರವಿಲ್ಲ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ದ್ರಾಕ್ಷಿ ಪಡಗಳಲ್ಲಿ ಇಡೀ ಲೆಕ್ಕವೇ ತಿರುಗುಮುರುಗು. ಇಲ್ಲಿ ಬಳ್ಳಿಯನ್ನು ಮಲಗಿಸುವಷ್ಟು ಚಳಿ ಬೀಳುವುದಿಲ್ಲ. ಕತ್ತರಿ ಮುಟ್ಟದಿದ್ದರೆ ಅದು ವರ್ಷವಿಡೀ ಹಸಿರು, ಅದಕ್ಕೆ ಋತುವೇ ಇಲ್ಲ. ಈ ಭಾಗದ ರೈತರು ಮರಾಠಿಯ ಒಡನಾಟದಿಂದ ಬಂದ ಚಾಟ್ನಿ ಎಂಬ ಪದವನ್ನೇ ಬಳಸುತ್ತಾರೆ, ವರ್ಷಕ್ಕೆ ಎರಡು ಚಾಟ್ನಿ ಮಾಡುತ್ತಾರೆ. ಏಪ್ರಿಲ್ ಚಾಟ್ನಿಯಲ್ಲಿ ಕಡ್ಡಿಗಳನ್ನು ಒಂದೆರಡು ಕಣ್ಣಿಗೆ ಮೊಟಕುಗೊಳಿಸುತ್ತಾರೆ. ಬಳ್ಳಿ ಬೋಳಾಗುತ್ತದೆ. ಆಮೇಲೆ ಬರುವ ಚಿಗುರು ಫಲಕ್ಕಲ್ಲ, ಕಡ್ಡಿಗೆ. ಬಿರುಬಿಸಿಲಿನಲ್ಲಿ ಆ ಕಡ್ಡಿ ಬೆಳೆಯುತ್ತಿರುವಾಗಲೇ, ಕತ್ತರಿ ಹಾಕಿದ ಒಂದೂವರೆ ಎರಡು ತಿಂಗಳೊಳಗೆ, ಅದರ ಕಣ್ಣುಗಳೊಳಗೆ ಮುಂದಿನ ಗೊಂಚಲಿನ ಮೂಲರೂಪ ಕೂಡಿಕೊಳ್ಳುತ್ತದೆ. ಹೊರಗೆ ಅದರ ಸುಳಿವೂ ಸಿಗದು. ಫಲ ಬರುತ್ತದೆಯೋ ಇಲ್ಲವೋ ಎಂಬುದು ಹೂ ಕಾಣುವ ಎಷ್ಟೋ ತಿಂಗಳ ಮೊದಲೇ ಒಂದು ಪುಟ್ಟ ಕಣ್ಣಿನ ಕತ್ತಲೆಯಲ್ಲಿ ತೀರ್ಮಾನವಾಗಿರುತ್ತದೆ.

ಎರಡನೆಯದು ಅಕ್ಟೋಬರ್ ಚಾಟ್ನಿ. ಸಾಲಿನೊಳಗೆ ನಿಂತ ಕೂಲಿಯಾಳು ಎಡಗೈಯಲ್ಲಿ ಕಡ್ಡಿ ಹಿಡಿದು ಬುಡದಿಂದ ಹೆಬ್ಬೆರಳು ಸರಿಸುತ್ತ ಕಣ್ಣು ಎಣಿಸುತ್ತಾನೆ. ತಳಿಗೆ ತಕ್ಕಂತೆ, ಫಲದ ಕಣ್ಣು ಎಷ್ಟನೆಯದೋ ಅಲ್ಲಿಗೆ ಬೆರಳು ನಿಲ್ಲುತ್ತದೆ. ಅದರಿಂದ ತುಸು ಮೇಲೆ ಕತ್ತರಿ ಓರೆಯಾಗಿ ಬೀಳುತ್ತದೆ. ಓರೆಯ ಇಳಿಜಾರು ಕಣ್ಣಿನ ಕಡೆಗಿರದೆ ಆಚೆ ಬದಿಗಿದ್ದರೆ ಒಸರುವ ನೀರು ಕಣ್ಣಿನ ಮೇಲೆ ಇಳಿಯುವುದಿಲ್ಲ. ಕಡ್ಡಿ ಕೆಳಗೆ ಬೀಳುತ್ತದೆ, ಬೆರಳು ಮುಂದಿನ ಕಡ್ಡಿಗೆ ಸರಿಯುತ್ತದೆ. ಹಿಂದೆಯೇ ಇನ್ನೊಬ್ಬರು ಉಳಿದ ಕಣ್ಣುಗಳಿಗೆ ಹೈಡ್ರೋಜನ್ ಸೈನಮೈಡ್ ದ್ರಾವಣ ಹಚ್ಚುತ್ತ ಬರುತ್ತಾರೆ. ಚಳಿಗಾಲ ಮಾಡಬೇಕಿದ್ದ ಕೆಲಸವನ್ನು ಈ ಔಷಧ ಮಾಡಿ ಕಣ್ಣುಗಳನ್ನು ಒಟ್ಟಿಗೆ ಎಬ್ಬಿಸುತ್ತದೆ. ಅಲ್ಲಿಂದ ಸುಮಾರು ನಾಲ್ಕು, ನಾಲ್ಕೂವರೆ ತಿಂಗಳಿಗೆ, ಫೆಬ್ರುವರಿ ಮಾರ್ಚ್ ಹೊತ್ತಿಗೆ, ಹಣ್ಣು ಕೊಯ್ಲಿಗೆ ಬರುತ್ತದೆ ಇಲ್ಲವೇ ಒಣದ್ರಾಕ್ಷಿಯ ಶೆಡ್ಡು ಸೇರುತ್ತದೆ.

ಇಲ್ಲೊಂದು ತಾತ್ವಿಕ ತಿರುವಿದೆ. ಯುರೋಪಿನಲ್ಲಿ ಋತು ಮೊದಲು, ಕತ್ತರಿ ಆಮೇಲೆ. ಚಳಿ ಬಂದು ಬಳ್ಳಿಯನ್ನು ಮಲಗಿಸಿದ ಮೇಲೆ ಕತ್ತರಿ ಅದನ್ನು ಅನುಸರಿಸುತ್ತದೆ. ವಿಜಯಪುರದಲ್ಲಿ ಕತ್ತರಿ ಮೊದಲು, ಋತು ಆಮೇಲೆ. ಬಳ್ಳಿಯ ಯುಗಾದಿ ಯಾವ ದಿನ ಎಂಬುದನ್ನು ರೈತನ ಕೈ ನಿರ್ಣಯಿಸುತ್ತದೆ, ನಿರ್ಣಯದ ಹೊಣೆಯೂ ಆ ಕೈಯದೇ. ಸೆಪ್ಟೆಂಬರಿನಲ್ಲೇ ಕತ್ತರಿ ಹಾಕಿದರೆ ಹಣ್ಣು ಬೇಗ ಬಂದು ದರ ಏರಿರುವಾಗ ಮಾರುಕಟ್ಟೆ ಮುಟ್ಟಬಹುದು. ಆದರೆ ಎಳೆ ಚಿಗುರಿನ ಮೇಲೆ ಮುಂಗಾರಿನ ಕೊನೆಯ ಮಳೆ ಸುರಿದರೆ ಡೌನಿ ರೋಗ ತಗುಲಿ ಗೊಂಚಲು ಎಳೆಯದರಲ್ಲೇ ಕರಗುತ್ತದೆ. ತೀರ ತಡಮಾಡಿದರೆ ಹಣ್ಣು ಬೇಸಿಗೆಯ ಬಿಸಿಗೆ ಸಿಕ್ಕುತ್ತದೆ. ಕಾಲವನ್ನು ಕಾಯುವುದೊಂದು ಧರ್ಮ, ಕಾಲವನ್ನು ತಾನೇ ಹುಟ್ಟಿಸುವುದು ಅದಕ್ಕಿಂತ ಭಾರವಾದ ಧರ್ಮ.

ಬೈಬಲಿನ ನಾಡಿನಲ್ಲೂ ಎರಡು ಕತ್ತರಿಗಳಿದ್ದವು. ಅಲ್ಲಿ ಚಳಿಗಾಲದ್ದು ಒಂದು, ಬೇಸಿಗೆಯದು ಇನ್ನೊಂದು. 1908ರಲ್ಲಿ ಗೆಜೆರ್ ಎಂಬಲ್ಲಿ ಅಗೆತದಲ್ಲಿ ಸಿಕ್ಕ, ಸುಮಾರು 3000 ವರ್ಷ ಹಳೆಯ ಸಣ್ಣ ಸುಣ್ಣಕಲ್ಲಿನ ಫಲಕದಲ್ಲಿ ಬೇಸಾಯದ ವರ್ಷವನ್ನು ತಿಂಗಳ ಲೆಕ್ಕದಲ್ಲಿ ಕೊರೆಯಲಾಗಿದೆ. ಈಗ ಅದು ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ಬಿತ್ತನೆ, ಜವೆಗೋಧಿಯ ಕೊಯ್ಲು ಇವೆಲ್ಲ ಮುಗಿದ ಮೇಲೆ, ಬೇಸಿಗೆಯ ಹಣ್ಣಿನ ತಿಂಗಳಿಗೆ ಮುಂಚೆ, ಜ಼ಮರ್ ಎಂಬ ಕೆಲಸಕ್ಕೆ ಎರಡು ತಿಂಗಳು ಕೊಡಲಾಗಿದೆ. ಇದನ್ನು ಬಳ್ಳಿ ಸವರುವ ಕೆಲಸವೆಂದು ಬಹಳ ವಿದ್ವಾಂಸರು ಓದಿದ್ದಾರೆ. ಇದೇ ಧಾತುವಿಗೆ ಹೀಬ್ರೂ ಭಾಷೆಯಲ್ಲಿ ಹಾಡುವುದು ಎಂಬ ಅರ್ಥವೂ ಇದೆ. ಪರಮಗೀತೆಯಲ್ಲಿ ವಸಂತವನ್ನು ಬಣ್ಣಿಸುವಾಗ ಈ ಪದ ಬಂದಿದೆ. ಹಳೆಯ ಗ್ರೀಕ್ ಅನುವಾದಕರು ಅದನ್ನು ಕತ್ತರಿಯ ಕಾಲವೆಂದರು, ಈಚಿನವರು ಹಲವರು ಹಾಡಿನ ಕಾಲವೆಂದರು. ಎರಡರಲ್ಲಿ ಒಂದನ್ನೇ ಆರಿಸಬೇಕಿಲ್ಲ. ಕವಿತೆ ಕಟ್ಟಿದವರ ಕಿವಿಗೆ ಎರಡೂ ಕೇಳಿಸಿದ್ದಿರಬೇಕು.

ಯೆಶಾಯ ಪ್ರವಾದಿಯ ಐದನೆಯ ಅಧ್ಯಾಯದಲ್ಲಿ ಬರುವ ತೋಟದ ಕತೆ ಈ ಪ್ರಶ್ನೆಯ ನಡುಗಂಬ. ಒಬ್ಬ ಒಡೆಯ ಗುಡ್ಡದ ಮೇಲೆ ಕಲ್ಲು ಆರಿಸಿ, ಒಳ್ಳೆಯ ತಳಿ ನೆಟ್ಟು, ಕಾವಲಿಗೊಂದು ಗೋಪುರ ಕಟ್ಟಿ, ದ್ರಾಕ್ಷಿ ಹಿಂಡುವ ತೊಟ್ಟಿಯನ್ನೂ ತೋಡಿಸುತ್ತಾನೆ. ಬಂದದ್ದು ಕಾಡುಹಣ್ಣು. ಒಡೆಯನ ಸಿಟ್ಟು ಹೇಗೆ ಪ್ರಕಟವಾಗುತ್ತದೆ ಎಂಬುದನ್ನು ಗಮನಿಸಬೇಕು. ಅವನು ಕತ್ತಿ ಎತ್ತುವುದಿಲ್ಲ. ಬೇಲಿ ಕಿತ್ತುಹಾಕುತ್ತಾನೆ, ಇನ್ನು ಮೇಲೆ ಈ ತೋಟಕ್ಕೆ ಕತ್ತರಿಯಿಲ್ಲ, ಗುದ್ದಲಿಯಿಲ್ಲ ಎನ್ನುತ್ತಾನೆ. ಮುಳ್ಳು ಬೆಳೆಯುತ್ತದೆ. ಕತ್ತರಿ ಬೀಳುವುದು ಶಿಕ್ಷೆ ಎಂದು ನಂಬಿದವರಿಗೆ ಈ ಕತೆ ಅಡ್ಡ ನಿಲ್ಲುತ್ತದೆ. ಇಲ್ಲಿ ಶಿಕ್ಷೆಯೆಂದರೆ ಕತ್ತರಿ ನಿಲ್ಲುವುದು, ಅಂದರೆ ಯಾರೂ ಹತ್ತಿರ ಬಾರದಿರುವುದು. ಕಡಿಯಲು ಬರುವ ಕೈ ಎಣಿಸಲೂ ಮುಟ್ಟಲೂ ಬರುತ್ತದೆ. ಬಳ್ಳಿಯ ಪಾಲಿಗೆ ಆ ಕೈಯ ವಿಮುಖತೆಯೇ ದೊಡ್ಡ ದುಃಖ.

ರೋಮಿನವರ ನಂಬಿಕೆಯೂ ಇದರ ಪಕ್ಕದಲ್ಲೇ ಇದೆ. ಕತ್ತರಿ ಕಾಣದ ಬಳ್ಳಿಯ ದ್ರಾಕ್ಷಾರಸವನ್ನು ದೇವರಿಗೆ ಅರ್ಪಿಸಕೂಡದು ಎಂಬ ಕಟ್ಟಳೆ ಅವರಲ್ಲಿತ್ತು. ಅದನ್ನು ರೋಮಿನ ಎರಡನೆಯ ಅರಸನೆಂದು ಹೇಳಲಾಗುವ ನೂಮಾ ವಿಧಿಸಿದನೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಕಾರಣವನ್ನೂ ಅವನೇ ಕೊಡುತ್ತಾನೆ. ಆಗ ಬಳ್ಳಿಗಳನ್ನು ಎತ್ತರದ ಮರಗಳಿಗೆ ಹಬ್ಬಿಸುತ್ತಿದ್ದರು, ಕತ್ತರಿಸಲು ಮೇಲೆ ಹತ್ತುವುದು ಜೀವಕ್ಕೆ ಅಪಾಯ. ಜನ ಹಿಂಜರಿಯಬಾರದೆಂದು ಧರ್ಮದ ಒತ್ತಾಸೆ ಬೇಕಾಯಿತು. ಕೂಲಿಗೆ ಹತ್ತುವವನು ಬಿದ್ದು ಸತ್ತರೆ ಚಿತೆ ಮತ್ತು ಗೋರಿಯ ಖರ್ಚು ಒಡೆಯನದೆಂದು ಮೊದಲೇ ಕರಾರು ಮಾಡಿಕೊಳ್ಳುತ್ತಿದ್ದನೆಂದೂ ಪ್ಲಿನಿ ಹೇಳುತ್ತಾನೆ. ದೇವರಿಗೆ ಸಲ್ಲುವುದು ಬರಿಯ ಪ್ರಕೃತಿಯ ಕೊಡುಗೆಯಲ್ಲ, ದುಡಿಮೆ ಸೇರಿದ ಕೊಡುಗೆ ಎಂಬ ಭಾವ ಇದರಲ್ಲಿದೆ. ಕೊಲುಮೆಲ್ಲ ಬಣ್ಣಿಸುವ ದ್ರಾಕ್ಷಿಯ ಕತ್ತಿಗೆ ಆರು ಭಾಗಗಳಿದ್ದು ಒಂದೊಂದಕ್ಕೂ ಬೇರೆ ಹೆಸರು, ಬೇರೆ ಕೆಲಸ. ನೇರ ಅಂಚಿನಿಂದ ಸೀಳುವುದು, ಬಾಗಿದ ಒಳಮೈಯಿಂದ ತನ್ನತ್ತ ಎಳೆದು ಕೊಯ್ಯುವುದು, ಕೊಕ್ಕಿನಿಂದ ಕೆತ್ತುವುದು, ಬೆನ್ನಿನ ಸಣ್ಣ ಕೊಡಲಿಯಿಂದ ಒಣಕೊರಡು ಹೊಡೆಯುವುದು. ಒಂದೇ ಆಯುಧವನ್ನು ಇಷ್ಟು ಬಗೆಯಲ್ಲಿ ವಿಂಗಡಿಸಿದ ಕೈ ಗಾಯಗಳ ನಡುವಿನ ವ್ಯತ್ಯಾಸವನ್ನು ಬಲ್ಲ ಕೈ.

ಕ್ರೈಸ್ತರಲ್ಲಿ ಈ ವಿಚಾರದ ಮೂಲ ಯೋಹಾನನ ಸುವಾರ್ತೆಯ ಹದಿನೈದನೆಯ ಅಧ್ಯಾಯ. ಅಲ್ಲಿ ಯೇಸು ತನ್ನನ್ನು ಬಳ್ಳಿಯೆಂದೂ ತಂದೆಯನ್ನು ತೋಟಗಾರನೆಂದೂ ಶಿಷ್ಯರನ್ನು ಕೊಂಬೆಗಳೆಂದೂ ಕರೆಯುತ್ತಾನೆ. ಫಲ ಕೊಡದ ಕೊಂಬೆಯನ್ನು ತೋಟಗಾರ ತೆಗೆದುಹಾಕುತ್ತಾನೆ, ಫಲ ಕೊಡುವುದನ್ನು ಹೆಚ್ಚು ಕೊಡಲೆಂದು ಸವರುತ್ತಾನೆ. ಗ್ರೀಕ್ ಮೂಲದಲ್ಲಿ ತೆಗೆಯುವುದಕ್ಕೆ ಐರೇಯ್, ಸವರುವುದಕ್ಕೆ ಕಥೈರೇಯ್ ಎಂಬ ಪದಗಳು ಪ್ರಾಸ ಹಿಡಿದು ನಿಂತಿವೆ. ಎರಡನೆಯದರ ಮೂಲ ಅರ್ಥ ಶುದ್ಧಗೊಳಿಸು. ಮುಂದಿನ ವಾಕ್ಯದಲ್ಲೇ ಯೇಸು, ನೀವು ಕೇಳಿದ ಮಾತಿನಿಂದ ಈಗಾಗಲೇ ಶುದ್ಧರಾಗಿದ್ದೀರಿ ಎಂಬರ್ಥದಲ್ಲಿ ಶಿಷ್ಯರಿಗೆ ಅದೇ ಪದಕುಟುಂಬವನ್ನು ಹಚ್ಚುತ್ತಾನೆ. ಹಾಗಾದರೆ ಇಲ್ಲಿ ಕತ್ತರಿಯೆಂದರೆ ಮಾತು. ಮುಂದಿನ ಶತಮಾನಗಳ ಎಷ್ಟೋ ಉಪದೇಶಗಳು ಇದನ್ನು ಬಿಟ್ಟು, ಕತ್ತರಿಯೆಂದರೆ ರೋಗ, ಸಾವು, ನಷ್ಟ ಎಂದು ಓದಿಕೊಂಡವು. ಮಗುವನ್ನು ಕಳೆದುಕೊಂಡ ತಾಯಿಗೆ ಇದು ದೇವರ ಕತ್ತರಿ, ಹೆಚ್ಚು ಫಲಕ್ಕಾಗಿ ಎಂದು ಹೇಳುವ ಅಭ್ಯಾಸ ಅಲ್ಲಿಂದ ಬಂತು. ಮೂಲಪಾಠ ಅಷ್ಟು ದೂರ ಹೋಗುವುದಿಲ್ಲ.

ಬಳ್ಳಿಯ ಸಂಗತಿಯೂ ಆ ಓದಿಗೆ ಒಪ್ಪುವುದಿಲ್ಲ. ತೋಟಗಾರ ತೆಗೆಯುವುದರಲ್ಲಿ ಬಹುಪಾಲು ಕೆಲಸ ಮುಗಿಸಿದ ಕಡ್ಡಿ, ಕಳೆದ ಸುಗ್ಗಿಯಲ್ಲಿ ಫಲ ಕೊಟ್ಟದ್ದು. ಅದು ಸೋತದ್ದಕ್ಕೆ ಹೋಗುತ್ತಿಲ್ಲ, ಸಂದದ್ದಕ್ಕೆ ಹೋಗುತ್ತಿದೆ. ಜೊತೆಗೆ, ಕತ್ತರಿಯ ಲಾಭ ಬಳ್ಳಿಯದು, ಕತ್ತರಿಸಿಕೊಂಡ ಕಡ್ಡಿಯದಲ್ಲ. ಕಡ್ಡಿ ಒಲೆಗೆ ಹೋಗುತ್ತದೆ. ಯೆಹೆಜ್ಕೇಲ ಪ್ರವಾದಿ ದ್ರಾಕ್ಷಿಯ ಕಟ್ಟಿಗೆ ಒಂದು ಗೂಟಕ್ಕೂ ಬಾರದು ಎಂದಿದ್ದ. ಅದನ್ನು ನೆನೆದು ಐದನೆಯ ಶತಮಾನದ ಕ್ರೈಸ್ತ ಚಿಂತಕ ಅಗಸ್ಟೀನ್, ಕೊಂಬೆಗೆ ಇರುವುದು ಎರಡೇ ಗತಿ, ಬಳ್ಳಿ ಇಲ್ಲವೇ ಬೆಂಕಿ ಎಂದ. ಕೆಲವರ ಬದುಕು ಮುರಿದದ್ದು ಸಮುದಾಯದ ಫಲಕ್ಕಾಗಿ ಎಂದು ಹೇಳುವವರು ಈ ಕಡ್ಡಿಯ ಕಡೆಯಿಂದಲೂ ಒಮ್ಮೆ ನೋಡಬೇಕಾಗುತ್ತದೆ. ಇಡಿಯ ಹಿತ ಬಿಡಿಯ ಅಳಿವನ್ನು ಸಮರ್ಥಿಸುತ್ತದೆಯೇ ಎಂಬ ಪ್ರಶ್ನೆಗೆ ದ್ರಾಕ್ಷಿಯ ರೂಪಕದಲ್ಲಿ ಉತ್ತರವಿಲ್ಲ. ಉತ್ತರವಿದೆಯೆಂದು ನಂಬಿಸುವುದು ದುಃಖಿತರಿಗೆ ಮಾಡುವ ಅನ್ಯಾಯ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಕಾಡಿನ ದ್ರಾಕ್ಷಿಗೆ ಕತ್ತರಿಯೇ ಬೇಕಿಲ್ಲ. ಅದು ಮರ ಹತ್ತಿ, ಬಿಸಿಲು ಹಿಡಿದು, ಸಣ್ಣ ಹುಳಿ ಹಣ್ಣು ಬಿಟ್ಟು, ಹಕ್ಕಿಗಳ ಮೂಲಕ ಬೀಜ ಹರಡಿ ನೆಮ್ಮದಿಯಾಗಿ ಬಾಳುತ್ತದೆ. ಬಳ್ಳಿಯ ಒಳಿತಿಗಾಗಿ ಎಂಬ ಮಾತನ್ನು ಆಡುವವನು ತೋಟಗಾರ. ದೊಡ್ಡ ಸಿಹಿ ಗೊಂಚಲು ಬೇಕಾದದ್ದು ಅವನಿಗೆ. ಗಾಯದ ಲೆಕ್ಕವೂ ಅವನು ಎಣಿಸಿದಷ್ಟು ಹಗುರವಲ್ಲ. ದ್ರಾಕ್ಷಿಯ ದೊಡ್ಡ ಗಾಯ ಮನುಷ್ಯರ ಚರ್ಮದಂತೆ ಕೂಡಿ ಮಾಯುವುದಿಲ್ಲ. ಕತ್ತರಿಸಿದ ಜಾಗದಿಂದ ಒಳಕ್ಕೆ ಒಣಮರದ ಒಂದು ಮೊನೆ ಇಳಿಯುತ್ತದೆ, ಬಳ್ಳಿ ಅದನ್ನು ಒಳಗೇ ಇಟ್ಟುಕೊಂಡು ಪಕ್ಕದಲ್ಲಿ ಹೊಸ ನಾಳಗಳನ್ನು ಕಟ್ಟಿಕೊಂಡು ಬದುಕುತ್ತದೆ. ಮಳೆಯಲ್ಲಿ ಮಾಡಿದ ಗಾಯಕ್ಕೆ ಶಿಲೀಂಧ್ರ ಹೊಕ್ಕರೆ ವರ್ಷಗಳ ಬಳಿಕ ತೋಳು ತೋಳೇ ಸಾಯುತ್ತದೆ. ಮುದಿ ಬಳ್ಳಿಯ ಕಾಂಡವನ್ನು ಉದ್ದಕ್ಕೆ ಸೀಳಿದರೆ ಪ್ರತಿ ವರ್ಷದ ಕತ್ತರಿಯ ನೆನಪು ಕಂದು ಬಣ್ಣದಲ್ಲಿ ಕಾಣುತ್ತದೆ. ಆದ್ದರಿಂದಲೇ ಬಲ್ಲವರು ಹಳೆಯ ಮರಕ್ಕೆ ಕೈ ಹಾಕದೆ ಎಳೆಯ ಕಡ್ಡಿಯಲ್ಲೇ ಕೆಲಸ ಮುಗಿಸುತ್ತಾರೆ.

ಭಾರತದ ಗ್ರಂಥಗಳಲ್ಲಿ ಕತ್ತರಿಯ ಪ್ರಶ್ನೆ ಕೊಂಬೆಯಿಂದ ಬೇರಿಗೆ ಇಳಿಯುತ್ತದೆ. ಭಗವದ್ಗೀತೆಯ ಹದಿನೈದನೆಯ ಅಧ್ಯಾಯದ ಅಶ್ವತ್ಥಕ್ಕೆ ಬೇರು ಮೇಲೆ, ಕೊಂಬೆ ಕೆಳಗೆ. ಗುಣಗಳು ಅದರ ನೀರು, ಇಂದ್ರಿಯ ವಿಷಯಗಳು ಅದರ ಚಿಗುರು. ಅದನ್ನು ಅಸಂಗವೆಂಬ ಗಟ್ಟಿ ಆಯುಧದಿಂದ ಕಡಿಯಬೇಕು. ಗೀತೆ ಚಿಗುರು ಸವರಲು ಹೇಳದೆ ಬೇರುಬಿಟ್ಟ ಮರವನ್ನೇ ಕಡಿಯಲು ಹೇಳುವುದರ ಮರ್ಮ ದ್ರಾಕ್ಷಿ ಬೆಳೆದವರಿಗೆ ತಟ್ಟನೆ ಹೊಳೆಯುತ್ತದೆ. ಬೇರು ಜೀವಂತವಿರುವಾಗ ಚಿಗುರು ಕತ್ತರಿಸಿದರೆ ಬೆಳೆ ಹೆಚ್ಚುತ್ತದೆ, ಚಾಟ್ನಿಯ ಉದ್ದೇಶವೇ ಅದು. ಅರೆಮನಸ್ಸಿನ ತಪಸ್ಸು, ತೋರಿಕೆಯ ಉಪವಾಸ ಇವೆಲ್ಲ ಆಸೆಗೆ ಮಾಡಿದ ಚಾಟ್ನಿ. ಆಹಾರ ಬಿಟ್ಟವನಿಂದ ವಿಷಯಗಳು ದೂರವಾದರೂ ರಸ ಉಳಿದುಬಿಡುತ್ತದೆ ಎಂದು ಎರಡನೆಯ ಅಧ್ಯಾಯ ಎಚ್ಚರಿಸುತ್ತದೆ. ರಸವೆಂದರೆ ರುಚಿ, ಗಿಡದ ಮೈಯಲ್ಲಿ ಹರಿಯುವ ದ್ರವವೂ ರಸವೇ.

ಬೃಹದಾರಣ್ಯಕ ಉಪನಿಷತ್ತಿನಲ್ಲಿ, ಜನಕನ ಸಭೆಯಲ್ಲಿ, ಯಾಜ್ಞವಲ್ಕ್ಯ ಮನುಷ್ಯನನ್ನು ಮರಕ್ಕೆ ಹೋಲಿಸುತ್ತಾನೆ. ಕೂದಲು ಎಲೆ, ಚರ್ಮ ತೊಗಟೆ, ಗಾಯದಿಂದ ಹರಿಯುವ ನೆತ್ತರು ಕಡಿದ ಮರದಿಂದ ಒಸರುವ ರಸ. ಆಮೇಲೆ ಅವನು ಕೇಳುತ್ತಾನೆ: ಕಡಿದ ಮರ ಬೇರಿನಿಂದ ಮತ್ತೆ ಹೊಸದಾಗಿ ಬೆಳೆಯುತ್ತದೆ, ಸಾವು ಕಡಿದ ಮನುಷ್ಯ ಯಾವ ಬೇರಿನಿಂದ ಚಿಗುರುತ್ತಾನೆ? ಸೇರಿದ್ದ ವಿದ್ವಾಂಸರಲ್ಲಿ ಯಾರೂ ಉತ್ತರಿಸಲಿಲ್ಲ. ಉಪನಿಷತ್ತು ಬ್ರಹ್ಮದ ಹೆಸರು ಹೇಳಿ ಅಧ್ಯಾಯ ಮುಗಿಸುತ್ತದೆ. ಗೀತೆಗೆ ಬೇರು ಬಂಧನವಾದರೆ ಯಾಜ್ಞವಲ್ಕ್ಯನಿಗೆ ಅದು ಭರವಸೆ. ಎರಡೂ ಒಂದೇ ಪರಂಪರೆಯ ಮಾತು, ಒಂದಕ್ಕೊಂದು ಸುಲಭವಾಗಿ ಹೊಂದುವುದೂ ಇಲ್ಲ. ಈ ಬಿರುಕನ್ನು ಮುಚ್ಚದೆ ಹಾಗೆಯೇ ಬಿಟ್ಟು ನೋಡುವುದು ಲೇಸು.

ಜೈನರಿಗೆ ಸಸ್ಯ ಒಂದು ಇಂದ್ರಿಯವುಳ್ಳ ಜೀವ, ಸ್ಪರ್ಶ ಅದಕ್ಕೆ ತಿಳಿಯುತ್ತದೆ. ಕಡಿಯುವುದು ಯಾವ ಕಾರಣಕ್ಕಾದರೂ ಹಿಂಸೆ. ಗೃಹಸ್ಥನಿಗೆ ಅದನ್ನು ಪೂರ್ತಿ ತಪ್ಪಿಸಲಾಗದು, ಕಡಿಮೆ ಮಾಡಬಹುದು. ಬೌದ್ಧ ವಿನಯ ಭಿಕ್ಷುಗಳಿಗೆ ಗಿಡ ಕಡಿಯುವುದನ್ನು ನಿಷೇಧಿಸಿತು, ಅದೇ ಸಂಪ್ರದಾಯ ಸಂಘಕ್ಕೆ ಸಲ್ಲುವ ಎಂಟು ಪಾನೀಯಗಳಲ್ಲಿ ದ್ರಾಕ್ಷಿರಸವನ್ನೂ ಎಣಿಸಿತು. ಕುಡಿಯುವವನು ಒಬ್ಬ, ಕತ್ತರಿ ಹಿಡಿಯುವವನು ಇನ್ನೊಬ್ಬ. ಫಲಕ್ಕಾಗಿ ಕಡಿಯುವುದು ಒಳ್ಳೆಯದು ಎಂದು ಈ ಎರಡೂ ಮಾರ್ಗಗಳು ಹೇಳಲಿಲ್ಲ, ಕಡಿಯದೆ ಫಲವಿಲ್ಲ ಎಂಬುದನ್ನು ಅಲ್ಲಗಳೆಯಲೂ ಇಲ್ಲ.

ಕಡಿಯುವ ಹಕ್ಕಿಗೇ ಮಿತಿ ಹಾಕಿದ ಕಟ್ಟಳೆಯೆಂದರೆ ಯೆಹೂದಿಗಳ ಏಳನೆಯ ವರ್ಷ, ಶ್ಮಿಟಾ. ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯದಂತೆ ಆರು ವರ್ಷ ಹೊಲ ಬಿತ್ತಿ, ದ್ರಾಕ್ಷಿ ಸವರಬಹುದು. ಏಳನೆಯದು ಭೂಮಿಯ ವಿಶ್ರಾಂತಿ, ಆಗ ಬಿತ್ತನೆಯಿಲ್ಲ, ಕತ್ತರಿಯಿಲ್ಲ. ತಾನಾಗಿ ಬಿಟ್ಟ ಹಣ್ಣು ಒಡೆಯನಿಗೂ ಆಳಿಗೂ ಪರದೇಶಿಗೂ ದನಕ್ಕೂ ಕಾಡುಮೃಗಕ್ಕೂ ಸಮಾನ. ಆ ವರ್ಷ ಕತ್ತರಿ ಕಾಣದ ಬಳ್ಳಿಗೆ ಮೂಲದಲ್ಲಿ ನಾಜಿರ್ ಎಂಬ ಪದ ಬಳಸಲಾಗಿದೆ. ವ್ರತ ಹಿಡಿದು ಕೂದಲಿಗೆ ಕತ್ತರಿ ಮುಟ್ಟಿಸದ ಸಾಧಕನಿಗೂ ಅದೇ ಹೆಸರು, ಅವನು ದ್ರಾಕ್ಷಿಯನ್ನೇ ಬಾಯಿಗೆ ಇಡುವಂತಿರಲಿಲ್ಲ. ಕೂದಲು ಬಿಟ್ಟ ಮನುಷ್ಯ, ಕಡ್ಡಿ ಬಿಟ್ಟ ಬಳ್ಳಿ, ಇಬ್ಬರೂ ಸ್ವಲ್ಪ ಕಾಲ ಯಾರ ಉಪಯೋಗಕ್ಕೂ ಒಳಪಡದೆ ಮೀಸಲಾಗಿ ನಿಲ್ಲುತ್ತಾರೆ. ಯೆಶಾಯನಲ್ಲಿ ಕತ್ತರಿ ನಿಂತದ್ದು ಕೋಪದಿಂದ, ಇಲ್ಲಿ ನಿಂತದ್ದು ಗೌರವದಿಂದ. ಮೊದಲನೆಯದರಲ್ಲಿ ಒಡೆಯ ತೋಟವನ್ನು ಬಿಟ್ಟುಹೋಗುತ್ತಾನೆ, ಎರಡನೆಯದರಲ್ಲಿ ತಾನು ಒಡೆಯ ಎಂಬುದನ್ನು ಬಿಡುತ್ತಾನೆ.

ಕಟ್ಟಳೆಯನ್ನು ಬಾಳಿನಲ್ಲಿ ತರುವಾಗ ಯೆಹೂದಿ ಧರ್ಮಗುರುಗಳಾದ ರಬ್ಬಿಗಳು ಒಂದು ಸೂಕ್ಷ್ಮ ಗೆರೆ ಎಳೆದರು. ಏಳನೆಯ ವರ್ಷದಲ್ಲಿ ಮರವನ್ನು ಸಾಯದಂತೆ ಉಳಿಸುವ ಕೆಲಸಕ್ಕೆ ಅನುಮತಿಯುಂಟು, ಫಲ ಹೆಚ್ಚಿಸುವ ಕೆಲಸಕ್ಕೆ ಇಲ್ಲ. ನೋಡಲು ಎರಡೂ ಒಂದೇ ಕೆಲಸವಾಗಿರಬಹುದು, ಉದ್ದೇಶ ಬೇರೆ. ವಿಷಯದ ತಿರುಳು ಈ ಗೆರೆಯಲ್ಲಿದೆ ಎನ್ನಬೇಕು. ಉಳಿಸಲು ಕಡಿಯುವುದು, ಪಡೆಯಲು ಕಡಿಯುವುದು ಎಂದು ಎರಡನ್ನು ಬೇರ್ಪಡಿಸಿ, ಎರಡನೆಯದು ಪಾಪವಲ್ಲ, ಆದರೆ ಏಳರಲ್ಲಿ ಒಂದು ವರ್ಷ ಅದನ್ನು ನಿಲ್ಲಿಸಲು ಕೈ ಕಲಿಯಬೇಕು ಎಂದು ಈ ಕಟ್ಟಳೆ ಹೇಳುತ್ತದೆ. ಇಸ್ರೇಲಿನಲ್ಲಿ ಇದು ಇಂದಿಗೂ ಬಾಳುವ ಪ್ರಶ್ನೆ. 2021–22 ಶ್ಮಿಟಾ ವರ್ಷವಾಗಿತ್ತು, ಮುಂದಿನದು 2028–29. ತೋಟಗಳ ಒಡೆತನವನ್ನು ಆ ವರ್ಷದ ಮಟ್ಟಿಗೆ ಯೆಹೂದಿಯೇತರರಿಗೆ ವಿಕ್ರಯಿಸಿ ಬೇಸಾಯ ಮುಂದುವರಿಸುವ ಏರ್ಪಾಡು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಬಳಕೆಯಲ್ಲಿದೆ. ಅದನ್ನು ಒಪ್ಪುವವರೂ ಇದ್ದಾರೆ, ಧರ್ಮದ ಆಶಯಕ್ಕೆ ಕುಂದೆನ್ನುವವರೂ ಇದ್ದಾರೆ.

ಇದೇ ಧರ್ಮಶಾಸ್ತ್ರದಲ್ಲಿ ಹೊಸ ಗಿಡದ ಫಲಕ್ಕೂ ಕಾಯುವ ಕಾಲವುಂಟು. ನೆಟ್ಟ ಮೊದಲ ಮೂರು ವರ್ಷದ ಹಣ್ಣು ತಿನ್ನಬಾರದು, ನಾಲ್ಕನೆಯ ವರ್ಷದ್ದು ದೇವರಿಗೆ ಮೀಸಲು. ಬಳ್ಳಿಯ ಬೇಸಾಯಕ್ಕೂ ಇದು ಒಪ್ಪುತ್ತದೆ. ಮೊದಲ ವರ್ಷಗಳಲ್ಲಿ ಹೂಗೊಂಚಲು ಕಂಡರೆ ಚಿವುಟಿ, ಕಾಂಡ ಮತ್ತು ಬೇರು ಬಲಿಯಲೆಂದು ಬಿಡುವುದು ಎಲ್ಲೆಡೆಯ ರೂಢಿ. ಹಳೆಯ ಮರವನ್ನು ನೆಲಮಟ್ಟಕ್ಕೆ ಕತ್ತರಿಸಿ, ಅದು ಮತ್ತೆ ಬೇರಿನಿಂದ ಚಿಗುರಿದರೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನೂ ರಬ್ಬಿಗಳು ಎತ್ತಿಕೊಂಡರು. ಬೇರು ಹಳೆಯದೇ, ಮಣ್ಣೂ ಹಳೆಯದೇ. ಆದರೂ ಅದನ್ನು ಹೊಸ ಗಿಡವೆಂದು ಎಣಿಸಬೇಕು, ಮೂರು ವರ್ಷದ ಲೆಕ್ಕ ಮೊದಲಿನಿಂದ ಶುರುವಾಗಬೇಕು ಎಂದು ತೀರ್ಮಾನಿಸಿದರು. ಕಾಂಡ ತುಸುವಾದರೂ ನೆಲದ ಮೇಲೆ ಉಳಿದಿದ್ದರೆ ಹಳೆಯ ಮರದ ಬಾಳು ಮುಂದುವರಿಯುತ್ತದೆ. ಎಷ್ಟು ಉಳಿದಿದ್ದರೆ ಸಾಕು ಎಂಬ ಚರ್ಚೆಯಲ್ಲಿ ಅವರು ಹಿಡಿದ ಅಳತೆ ಒಂದು ಅಂಗೈ ಅಗಲ.